ಲೆಕ್ಕಕ್ಕೆ ಸಿಗದ ಜಾಶ್ ಗಿಬ್ಸನ್

ಅಮೆರಿಕದ ಬೇಸ್‌ಬಾಲ್ ಪ್ರೇಮಿಗಳ ನಡುವೆ ಬಹುಕಾಲದಿಂದ ಚಾಲ್ತಿಯಲ್ಲಿರುವ ಕಥೆಯೊಂದಿದೆ. ಜಾಶ್ ಗಿಬ್ಸನ್ ಎಂಬ ಆಟಗಾರ ಒಂದು ದಿನ ಪಿಟ್ಸ್‌ಬರ್ಗಿನ ಮೈದಾನದಲ್ಲಿ ಹೊಡೆದ ಚೆಂಡು ಮೇಲೇರಿ ಮೇಲೇರಿ ಕಣ್ಮರೆಯಾಯಿತು. ಕಾದು ಸೋತ ಅಂಪೈರ್ ಅದನ್ನು ಹೋಮ್ ರನ್ ಎಂದು ಸಾರಿದ. ಮರುದಿನ ಅದೇ ತಂಡಗಳು ಫಿಲಡೆಲ್ಫಿಯಾದಲ್ಲಿ ಆಡುತ್ತಿರುವಾಗ ಆಕಾಶದಿಂದ ಚೆಂಡೊಂದು ಇಳಿದು ಬಂದು ಎದುರಾಳಿಯೊಬ್ಬನ ಕೈಗವಸಿನೊಳಗೆ ಬಿತ್ತು. ಅಂಪೈರ್ ತಕ್ಷಣ ಗಿಬ್ಸನ್ ಕಡೆ ಬೆರಳು ಮಾಡಿ, ನೀನು ಔಟ್, ನಿನ್ನೆ ಪಿಟ್ಸ್‌ಬರ್ಗಿನಲ್ಲಿ ಔಟ್ ಎಂದನಂತೆ.

ನಗು ಬರುತ್ತದೆ, ನಿಜ. ಆದರೆ ಈ ಕಥೆ ಹುಟ್ಟಿದ ಪರಿಸ್ಥಿತಿ ನಗುವಂಥದ್ದಲ್ಲ. ಬಿಳಿಯ ಆಟಗಾರ ಬೇಬ್ ರೂತ್ ಒಟ್ಟು 714 ಹೋಮ್ ರನ್ ಹೊಡೆದನೆಂಬುದು ಅಮೆರಿಕದ ಕ್ರೀಡಾಭಿಮಾನಿಗಳಿಗೆ ಮಗ್ಗಿಯಷ್ಟೇ ಕಂಠಪಾಠ. ಪ್ರತಿ ಹೊಡೆತಕ್ಕೂ ತಾರೀಖಿದೆ, ಊರಿದೆ, ಚೆಂಡೆಸೆದವನ ಹೆಸರಿದೆ. ಗಿಬ್ಸನ್ ಎಷ್ಟು ಹೊಡೆದ ಎಂದು ಕೇಳಿದರೆ ಮಾತ್ರ ಉತ್ತರ ಕೇಳಿದವರಿಗೊಂದರಂತೆ ಬದಲಾಗುತ್ತದೆ. ಲೆಕ್ಕ ಇಡಬೇಕಾಗಿದ್ದವರು ಇಡಲಿಲ್ಲ. ಲೆಕ್ಕವಿಲ್ಲದ ಜಾಗವನ್ನು ಕಥೆಗಳು ತುಂಬಿಕೊಂಡವು.

ಎಂ.ಎ. ಓದುವಾಗ ಆಗಸ್ಟ್ ವಿಲ್ಸನ್‌ನ 'ಫೆನ್ಸಸ್' ನಾಟಕದಲ್ಲಿ ಗಿಬ್ಸನ್ ಹೆಸರನ್ನು ನಾನು ಮೊದಲು ಕಂಡದ್ದು. ಪಿಟ್ಸ್‌ಬರ್ಗಿನಲ್ಲಿ ಕಸ ಎತ್ತುವ ಕೆಲಸ ಮಾಡುವ, ಒಂದು ಕಾಲಕ್ಕೆ ಒಳ್ಳೆಯ ಬೇಸ್‌ಬಾಲ್ ಆಟಗಾರನಾಗಿದ್ದ ನಾಯಕ ಟ್ರಾಯ್ ಮ್ಯಾಕ್ಸನ್‌ನ ಸಿಟ್ಟಿನ ಮಾತುಗಳಲ್ಲಿ ಆ ಹೆಸರು ಸುಳಿದು ಹೋಗುತ್ತದೆ. ಅಂದು ಅದು ಕಲ್ಪಿತ ಪಾತ್ರವೇ ಇರಬೇಕೆಂದು ಯಾರಿಗಾದರೂ ಅನ್ನಿಸಬಹುದಿತ್ತು. ಅಷ್ಟು ನಾಟಕೀಯವಾದ ಬದುಕು ಅದು.

ಬೇಸ್‌ಬಾಲ್ ನಮ್ಮಲ್ಲಿ ಅಷ್ಟು ಪರಿಚಿತವಲ್ಲದ ಕಾರಣ ಕ್ಯಾಚರ್‌ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ಬ್ಯಾಟುಗಾರನ ಬೆನ್ನಿಗೇ ಕುಕ್ಕರಗಾಲಿನಲ್ಲಿ ಕುಳಿತು, ಗಂಟೆಗೆ 90 ಮೈಲಿ ವೇಗದಲ್ಲಿ ಬರುವ ಚೆಂಡನ್ನು ಹಿಡಿಯುವವನು ಅವನು. ವಿಕೆಟ್ ಕೀಪರ್ ಎಂದುಕೊಳ್ಳಬಹುದು, ಆದರೆ ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಮುಂದಿನ ಎಸೆತ ಯಾವ ಬಗೆಯದಾಗಿರಬೇಕೆಂದು ತೊಡೆಗಳ ನಡುವೆ ಬೆರಳಿನ ಸನ್ನೆಯಿಂದ ಪಿಚರ್‌ಗೆ ಸೂಚಿಸುವವನೂ ಅವನೇ. ಮೈದಾನದಲ್ಲಿರುವ ತನ್ನ ತಂಡದ ಉಳಿದ ಎಂಟು ಮಂದಿಗೂ ಮುಖಮಾಡಿ ಕೂರುವವನು ಅವನೊಬ್ಬನೇ. ಬ್ಯಾಟಿನ ಅಂಚಿಗೆ ತಾಗಿ ದಿಕ್ಕು ತಪ್ಪಿದ ಚೆಂಡು ಬೆರಳು ಮುರಿಯುತ್ತದೆ. ಒಂದೊಂದು ಪಂದ್ಯದಲ್ಲಿ ನೂರಕ್ಕೂ ಹೆಚ್ಚು ಬಾರಿ ಕೂತೇಳುವುದರಿಂದ ಮಂಡಿ ಸವೆಯುತ್ತದೆ. ಆದ್ದರಿಂದಲೇ ಈ ಸ್ಥಾನದಲ್ಲಿ ಆಡಿದವರು ದೊಡ್ಡ ಹೊಡೆತಗಾರರಾಗುವುದು ಅಪರೂಪ. ಗಿಬ್ಸನ್ ಆ ಅಪರೂಪ.

ಅವನಿಗಿಂತ ಅರ್ಧ ಶತಮಾನ ಮೊದಲು ಇನ್ನೊಬ್ಬ ಕ್ಯಾಚರ್ ಇದ್ದ. ಮೋಸೆಸ್ ಫ್ಲೀಟ್‌ವುಡ್ ವಾಕರ್, ಕಪ್ಪು ಜನಾಂಗದವನು, ಕಾಲೇಜು ಓದಿದವನು. 1884ರಲ್ಲಿ ಟೊಲೆಡೊ ತಂಡದ ಪರವಾಗಿ ಬಿಳಿಯರ ಜೊತೆ ಮೇಜರ್ ಲೀಗಿನಲ್ಲೇ ಆಡಿದ. ಅವನ ತಂಡದ ಪಿಚರ್ ಟೋನಿ ಮುಲ್ಲೇನ್, ವಾಕರ್‌ನ ಸನ್ನೆಗಳನ್ನು ತಾನು ಬೇಕೆಂದೇ ಕಡೆಗಣಿಸುತ್ತಿದ್ದುದಾಗಿ ವರ್ಷಗಳ ನಂತರ ಒಪ್ಪಿಕೊಂಡ. ಕರಿಯನೊಬ್ಬನ ಬೆರಳು ಹೇಳಿದಂತೆ ಎಸೆಯುವುದು ಅವನಿಗೆ ಬೇಡವಾಗಿತ್ತು. ಯಾವ ಎಸೆತ ಬರುತ್ತದೆಂದು ತಿಳಿಯದೆಯೇ ವಾಕರ್ ಚೆಂಡು ಹಿಡಿಯಬೇಕಾಗಿತ್ತು, ಅದೂ ಈಗಿನಂಥ ದಪ್ಪ ಕೈಗವಸುಗಳಿಲ್ಲದ ಕಾಲದಲ್ಲಿ. 1887ರ ಜುಲೈನಲ್ಲಿ ಇಂಟರ್‌ನ್ಯಾಷನಲ್ ಲೀಗಿನ ಮಾಲೀಕರು ಸಭೆ ಸೇರಿ ಇನ್ನು ಮುಂದೆ ಕಪ್ಪು ಆಟಗಾರರನ್ನು ಹೊಸದಾಗಿ ಸೇರಿಸಿಕೊಳ್ಳುವುದು ಬೇಡವೆಂದು ಮತ ಹಾಕಿದರು. ಆ ಶತಮಾನ ಮುಗಿಯುವುದರೊಳಗೆ ಬಾಗಿಲು ಪೂರ್ತಿ ಮುಚ್ಚಿತ್ತು. ಮೇಜರ್ ಲೀಗುಗಳ ನಿಯಮಾವಳಿಯಲ್ಲಿ ಬಣ್ಣದ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಲಿಖಿತ ಒಪ್ಪಂದಕ್ಕೆ ತಿದ್ದುಪಡಿ ತರುವುದು ಕಷ್ಟ. ಅದನ್ನು ಮಾಡಿದವರು ಅದರ ಅಸ್ತಿತ್ವವನ್ನೇ ಅಲ್ಲಗಳೆಯಬಹುದು. 1920ರಿಂದ 1944ರವರೆಗೆ ಬೇಸ್‌ಬಾಲ್ ಕಮಿಷನರ್ ಆಗಿದ್ದ ನ್ಯಾಯಾಧೀಶ ಲ್ಯಾಂಡಿಸ್ 1942ರಲ್ಲಿ ಮಾಡಿದ್ದು ಅದನ್ನೇ. ಅಂಥ ನಿಯಮವೇ ಇಲ್ಲ ಎಂದು ಸಾರಿದ. ಅವನ ಅಧಿಕಾರಾವಧಿಯಲ್ಲಿ ಒಬ್ಬ ಕಪ್ಪು ಆಟಗಾರನೂ ಒಳಗೆ ಬರಲಿಲ್ಲ.

ಹೊರಗುಳಿದವರು ತಮ್ಮದೇ ತಂಡಗಳನ್ನು ಕಟ್ಟಿಕೊಂಡರು. 1920ರಲ್ಲಿ ರೂಬ್ ಫಾಸ್ಟರ್‌ನ ಮುಂದಾಳತ್ವದಲ್ಲಿ ಕ್ಯಾನ್ಸಾಸ್ ಸಿಟಿಯಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಹುಟ್ಟಿತು. ಇಂದು ಹೇಳಲು ಹಿಂಜರಿಯಬೇಕಾದ ಪದ ಅದು. ಲೀಗಿನ ಹೆಸರೇ ಅದಾಗಿದ್ದರಿಂದ ಇಲ್ಲಿ ಹಾಗೆಯೇ ಉಳಿಸಿಕೊಂಡಿದ್ದೇನೆ.

ಗಿಬ್ಸನ್ ಹುಟ್ಟಿದ್ದು 1911ರ ಡಿಸೆಂಬರ್ 21ರಂದು, ಜಾರ್ಜಿಯಾ ರಾಜ್ಯದ ಬ್ಯುಯೆನಾ ವಿಸ್ಟಾ ಎಂಬ ಸಣ್ಣ ಊರಿನಲ್ಲಿ. ದಕ್ಷಿಣದ ಹೊಲಗಳಿಂದ ಉತ್ತರದ ಕಾರ್ಖಾನೆಗಳಿಗೆ ಲಕ್ಷಾಂತರ ಕಪ್ಪು ಕುಟುಂಬಗಳು ವಲಸೆ ಹೋದ ಕಾಲ ಅದು. ತಂದೆ ಮಾರ್ಕ್ ಗಿಬ್ಸನ್ ಮೊದಲು ಪಿಟ್ಸ್‌ಬರ್ಗಿಗೆ ಹೋಗಿ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿಗೆ ಸೇರಿ, ಆಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಂಡ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮೊದಲೊಬ್ಬರು ಹೋಗಿ ಬಾಡಿಗೆ ಕೋಣೆ ಹಿಡಿದು, ಉಳಿದವರು ಹಿಂದೆ ಬರುವ ಈ ಕ್ರಮವನ್ನು ನಮ್ಮ ಓದುಗರಿಗೆ ವಿವರಿಸುವ ಅಗತ್ಯವಿಲ್ಲ. ಹುಡುಗ ವೃತ್ತಿಶಾಲೆಯಲ್ಲಿ ವಿದ್ಯುತ್ ಕೆಲಸ ಕಲಿತ, ಒಂಬತ್ತನೆಯ ತರಗತಿಯ ನಂತರ ಶಾಲೆ ಬಿಟ್ಟ, ಗಿಂಬೆಲ್ಸ್ ಎಂಬ ದೊಡ್ಡ ಅಂಗಡಿಯಲ್ಲಿ ಲಿಫ್ಟ್ ನಡೆಸಿದ, ಸಂಜೆಗಳಲ್ಲಿ ಬೇಸ್‌ಬಾಲ್ ಆಡಿದ.

1930ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಆತ ಹೋಮ್‌ಸ್ಟೆಡ್ ಗ್ರೇಸ್ ತಂಡ ಸೇರಿದ. ಹೇಗೆ ಸೇರಿದ ಎಂಬುದಕ್ಕೂ ಒಂದು ಕಥೆಯಿದೆ. ಕ್ಯಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡ ಲಾರಿಗಳ ಮೇಲೆ ದೀಪಸ್ತಂಭಗಳನ್ನು ಹೊತ್ತು ತಂದು ರಾತ್ರಿ ಪಂದ್ಯ ಆಡಿಸುತ್ತಿತ್ತು. ಆ ಮಂದ ಬೆಳಕಿನಲ್ಲಿ ಗ್ರೇಸ್ ತಂಡದ ಕ್ಯಾಚರ್‌ನ ಬೆರಳಿಗೆ ಪೆಟ್ಟಾಯಿತು. ಪ್ರೇಕ್ಷಕರ ನಡುವೆ ಕುಳಿತಿದ್ದ ಗಿಬ್ಸನ್‌ನನ್ನು ಕರೆದು ಕವಚ ತೊಡಿಸಿ ಕಣಕ್ಕಿಳಿಸಿದರು. ತಂಡದ ಹಿರಿಯ ಆಟಗಾರ ಜೂಡಿ ಜಾನ್ಸನ್ ಹೇಳುತ್ತಿದ್ದ ಕಥೆ ಇದು. ಅಂದಿನ ಪತ್ರಿಕೆಗಳನ್ನು ತಿರುವಿ ನೋಡಿದ ಸಂಶೋಧಕರಿಗೆ ಇದು ಹಾಗೆಯೇ ನಡೆದಂತೆ ಕಾಣುವುದಿಲ್ಲ. ಆದರೆ ಆ ವರ್ಷದ ಒಂದು ಘಟನೆಗೆ ಕಥೆಯ ಹಂಗಿಲ್ಲ. ಆಗಸ್ಟ್ ತಿಂಗಳಲ್ಲಿ ಅವನ ಎಳೆಯ ಹೆಂಡತಿ ಹೆಲೆನ್ ಅವಳಿ ಮಕ್ಕಳನ್ನು ಹೆತ್ತು ತೀರಿಕೊಂಡಳು. ಮಕ್ಕಳನ್ನು ಅವಳ ತಾಯಿಯ ಮನೆಯವರು ಸಾಕಿದರು. ಗಂಡುಮಗುವಿಗೆ ಜಾಶ್, ಹೆಣ್ಣುಮಗುವಿಗೆ ಹೆಲೆನ್ ಎಂದೇ ಹೆಸರಿಟ್ಟರು. ತಂದೆ ಬಸ್ಸು ಹತ್ತಿ ಆಟಕ್ಕೆ ಹೋದ.

ಸೆಪ್ಟೆಂಬರ್ ತಿಂಗಳಲ್ಲಿ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿನಲ್ಲಿ ಆತ ಹೊಡೆದ ಒಂದು ಚೆಂಡು ಕ್ರೀಡಾಂಗಣವನ್ನೇ ದಾಟಿ ಹೊರಗೆ ಬಿತ್ತೆಂದು ಕೆಲವರು ಕೊನೆಯವರೆಗೂ ಆಣೆ ಮಾಡಿ ಹೇಳುತ್ತಿದ್ದರು. ಚೆಂಡು ಎಡಭಾಗದ ಬುಲ್‌ಪೆನ್‌ನಲ್ಲಿ ಬಿತ್ತೆಂದು ಸ್ವತಃ ಗಿಬ್ಸನ್ ಹೇಳಿದ್ದ. ತನ್ನ ದಂತಕಥೆಗಿಂತ ತಾನೇ ಮಿತಭಾಷಿಯಾಗಿದ್ದ ಮನುಷ್ಯ.

1932ರಲ್ಲಿ ಗಸ್ ಗ್ರೀನ್‌ಲೀ ಹೆಚ್ಚು ಸಂಬಳದ ಆಸೆ ತೋರಿಸಿ ಅವನನ್ನು ತನ್ನ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡಕ್ಕೆ ಸೆಳೆದ. ಈ ಗ್ರೀನ್‌ಲೀ ಯಾರೆಂದರೆ, 'ನಂಬರ್ಸ್' ಎಂಬ ಜೂಜಿನ ದೊರೆ. ಮುಂಬಯಿಯ ಓದುಗರಿಗೆ ಮಟ್ಕಾ ಎಂದರೆ ಸಾಕು. ಬ್ಯಾಂಕುಗಳು ಕಪ್ಪು ವ್ಯಾಪಾರಿಗಳಿಗೆ ಸಾಲ ಕೊಡದ ಕಾಲದಲ್ಲಿ ಬೇಸ್‌ಬಾಲಿಗೆ ಬಂಡವಾಳ ಬಂದದ್ದು ಹೆಚ್ಚಾಗಿ ಈ ದಾರಿಯಿಂದ. ಆತ ತನ್ನ ದುಡ್ಡಿನಲ್ಲಿ ಗ್ರೀನ್‌ಲೀ ಫೀಲ್ಡ್ ಎಂಬ ಮೈದಾನವನ್ನೇ ಕಟ್ಟಿಸಿದ. ಕಾರಣ ಸರಳ. ಬಿಳಿಯರ ತಂಡದ ಫೋರ್ಬ್ಸ್ ಫೀಲ್ಡನ್ನು ಬಾಡಿಗೆಗೆ ಹಿಡಿದರೂ ಕಪ್ಪು ಆಟಗಾರರಿಗೆ ಅಲ್ಲಿನ ಉಡುಪು ಬದಲಿಸುವ ಕೋಣೆಗೆ ಪ್ರವೇಶವಿರಲಿಲ್ಲ. ಕ್ರಾಫರ್ಡ್ಸ್ ತಂಡದಲ್ಲಿ ಸ್ಯಾಚೆಲ್ ಪೇಜ್ ಚೆಂಡೆಸೆಯುತ್ತಿದ್ದ, ಗಿಬ್ಸನ್ ಹಿಡಿಯುತ್ತಿದ್ದ. ಕೂಲ್ ಪಾಪಾ ಬೆಲ್, ಆಸ್ಕರ್ ಚಾರ್ಲ್ಸ್‌ಟನ್, ಜೂಡಿ ಜಾನ್ಸನ್ ಅದೇ ತಂಡದಲ್ಲಿದ್ದರು. ಮುಂದೆ ಈ ಐವರೂ ಹಾಲ್ ಆಫ್ ಫೇಮ್ ಸೇರಿದರು.

ಆಡುವ ರೀತಿಯ ಬಗ್ಗೆ ಕಂಡವರೆಲ್ಲ ಒಂದೇ ಬಗೆಯ ಮಾತು ಹೇಳಿದ್ದಾರೆ. ಆರಡಿ ಒಂದಂಗುಲ ಎತ್ತರ, ಅಗಲವಾದ ಭುಜ. ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿ, ಪಾದಗಳನ್ನು ನೆಲಕ್ಕೆ ಊರಿ, ಹೆಚ್ಚೇನೂ ಅಲುಗದೆ ನಿಲ್ಲುತ್ತಿದ್ದ. ಉಳಿದ ಹೊಡೆತಗಾರರು ಮುಂದಡಿಯಿಟ್ಟು, ಸೊಂಟ ತಿರುಗಿಸಿ, ದೇಹದ ಭಾರವನ್ನೆಲ್ಲ ಬ್ಯಾಟಿಗೆ ಹಾಕುವಾಗ ಗಿಬ್ಸನ್‌ಗೆ ಒಂದು ಚಿಕ್ಕ ಹೆಜ್ಜೆ ಸಾಕಾಗುತ್ತಿತ್ತು. ಉಳಿದದ್ದನ್ನು ತೋಳುಗಳೇ ನೋಡಿಕೊಳ್ಳುತ್ತಿದ್ದವು. ಕ್ಯಾಚರ್ ಆಗಿ ಆರಂಭದಲ್ಲಿ ಒರಟನಾಗಿದ್ದ, ನೇರ ಮೇಲೆ ಹಾರಿದ ಚೆಂಡುಗಳನ್ನು ಹಿಡಿಯಲು ತಡವರಿಸುತ್ತಿದ್ದ ಎಂಬ ಟೀಕೆಯಿತ್ತು. ದುಡಿದು ತಿದ್ದಿಕೊಂಡ. 1939ರಲ್ಲಿ ಅವನ ಆಟ ನೋಡಿದ ಬಿಳಿಯರ ಲೀಗಿನ ಮಹಾನ್ ಪಿಚರ್ ವಾಲ್ಟರ್ ಜಾನ್ಸನ್, ಈ ಕ್ಯಾಚರ್ ಎರಡು ಲಕ್ಷ ಡಾಲರ್ ಬಾಳುತ್ತಾನೆ, ಯಾಂಕೀಸ್ ತಂಡದ ಬಿಲ್ ಡಿಕಿಯೂ ಇವನಷ್ಟು ಒಳ್ಳೆಯವನಲ್ಲ ಎಂದು 'ವಾಷಿಂಗ್ಟನ್ ಪೋಸ್ಟ್' ಅಂಕಣಕಾರನಿಗೆ ಹೇಳಿದ. ಹೇಳಿ, ಪಾಪ, ಬಣ್ಣದವನಾಗಿಬಿಟ್ಟನಲ್ಲ ಎಂದು ಸೇರಿಸಿದ. ಈ ಕೊನೆಯ ಮಾತಿನಲ್ಲಿ ದ್ವೇಷವಿಲ್ಲ. ಮಳೆ ಬಂದು ಪಂದ್ಯ ನಿಂತಾಗ ಆಡುವಂಥ ವಿಷಾದ ಅದು. ನನಗೆ ದ್ವೇಷಕ್ಕಿಂತ ಈ ವಿಷಾದವೇ ಹೆಚ್ಚು ಭಯಂಕರವಾಗಿ ಕಾಣುತ್ತದೆ. ಮನುಷ್ಯರು ಮಾಡಿದ ಏರ್ಪಾಡನ್ನು ಹವಾಮಾನದಂತೆ ಒಪ್ಪಿಕೊಂಡವರ ವಿಷಾದ.

1937ರ ಕೊನೆಯಲ್ಲಿ 'ಪಿಟ್ಸ್‌ಬರ್ಗ್ ಕೊರಿಯರ್' ಎಂಬ ಕಪ್ಪು ಜನರ ವಾರಪತ್ರಿಕೆಯ ಚೆಸ್ಟರ್ ವಾಷಿಂಗ್ಟನ್ ಬಿಳಿಯರ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಮ್ಯಾನೇಜರ್‌ಗೆ ತಂತಿ ಕಳಿಸಿದ. ನಿಮಗೆ ಆಟಗಾರರು ಬೇಕಾಗಿದ್ದಾರೆ, ಇದೇ ಊರಿನಲ್ಲಿದ್ದಾರೆ, ಅಗ್ಗದಲ್ಲೇ ಸಿಗುತ್ತಾರೆ ಎಂದು ಗಿಬ್ಸನ್, ಬಕ್ ಲೆನರ್ಡ್, ಪೇಜ್, ಬೆಲ್, ರೇ ಬ್ರೌನ್ ಐವರ ಹೆಸರು ಕೊಟ್ಟು, ನಿಮ್ಮ ಉತ್ತರವೇನು ಎಂದು ಕೇಳಿದ್ದ. ಉತ್ತರ ಬರಲಿಲ್ಲ. 1938ರಲ್ಲಿ ಪೈರೇಟ್ಸ್ ತಂಡ ಕೂದಲೆಳೆಯಲ್ಲಿ ಲೀಗ್ ಪ್ರಶಸ್ತಿ ಕಳೆದುಕೊಂಡಿತು.

1937ರಲ್ಲಿ ಗಿಬ್ಸನ್ ಗ್ರೇಸ್ ತಂಡಕ್ಕೆ ಮರಳಿದ್ದ. ಆದರೆ ಅದೇ ವರ್ಷ ಪೇಜ್ ಮತ್ತು ಬೆಲ್ ಜೊತೆ ಡೊಮಿನಿಕನ್ ಗಣರಾಜ್ಯಕ್ಕೂ ಹೋಗಿ ಬಂದ. ಸರ್ವಾಧಿಕಾರಿ ಟ್ರುಹಿಯೋನ ಹೆಸರು ಹೊತ್ತ ರಾಜಧಾನಿಯ ತಂಡ ಅದು. ಮೈದಾನದ ಸುತ್ತ ಬಂದೂಕು ಹಿಡಿದ ಸೈನಿಕರು ನಿಂತಿರುತ್ತಿದ್ದರೆಂದು ಪೇಜ್ ಮುಂದೆ ಬಣ್ಣಿಸಿ ಹೇಳುತ್ತಿದ್ದ. 1940 ಮತ್ತು 1941ರಲ್ಲಿ ಮೆಕ್ಸಿಕೊ. ಚಳಿಗಾಲದಲ್ಲಿ ಪೋರ್ಟೊ ರಿಕೊ. ಅಲ್ಲಿ ಹೋಟೆಲಿನ ಮುಂಬಾಗಿಲಿನಿಂದಲೇ ಒಳಗೆ ಹೋಗಬಹುದಿತ್ತು, ಸಂಬಳವೂ ಹೆಚ್ಚು. ಮೆಕ್ಸಿಕೊದಲ್ಲಿ ಸುಮಾರು 6,000 ಡಾಲರ್, ಗ್ರೇಸ್ ತಂಡದಲ್ಲಿ ಸುಮಾರು 4,000 ಎನ್ನುತ್ತಾರೆ. ಗ್ರೇಸ್ ಮಾಲೀಕ ಕಮ್ ಪೋಸಿ ಕರಾರು ಮುರಿದನೆಂದು ಮೊಕದ್ದಮೆ ಹೂಡಿ ಗಿಬ್ಸನ್‌ನ ಮನೆಗೇ ಕೈಹಾಕಿದ. ಗಿಬ್ಸನ್ 1942ಕ್ಕೆ ಹಿಂತಿರುಗಿದ, ಮೊಕದ್ದಮೆ ನಿಂತಿತು. ಶೋಷಿತರ ಸಂಸ್ಥೆಗಳಲ್ಲಿಯೂ ಮಾಲೀಕ ಮಾಲೀಕನೇ.

ಗ್ರೇಸ್ ತಂಡದ ದಿನಚರಿಯನ್ನು ಲೆನರ್ಡ್ ನಂತರದ ವರ್ಷಗಳಲ್ಲಿ ವಿವರವಾಗಿ ನೆನಪಿಸಿಕೊಂಡಿದ್ದಾನೆ. ಪೈರೇಟ್ಸ್ ಊರಿನಲ್ಲಿಲ್ಲದಾಗ ಪಿಟ್ಸ್‌ಬರ್ಗಿನಲ್ಲಿ, ಭಾನುವಾರ ವಾಷಿಂಗ್ಟನ್ನಿನ ಗ್ರಿಫಿತ್ ಸ್ಟೇಡಿಯಮ್ಮಿನಲ್ಲಿ, ನಡುವಿನ ದಿನಗಳಲ್ಲಿ ಹಳ್ಳಿ ಪಟ್ಟಣಗಳ ಸ್ಥಳೀಯ ತಂಡಗಳ ಜೊತೆ. ರಾತ್ರಿಯಿಡೀ ಬಸ್ಸು, ಬಸ್ಸಿನಲ್ಲೇ ನಿದ್ದೆ, ಊಟ ಕೊಡುವ ಹೋಟೆಲು ಸಿಗದಿದ್ದರೆ ಅಂಗಡಿಯಿಂದ ಕೊಂಡ ತಿನಿಸು. ವರ್ಷಕ್ಕೆ ಇನ್ನೂರರಷ್ಟು ಪಂದ್ಯ ಆಡಿದರೂ ಅದರಲ್ಲಿ ಲೀಗ್ ಪಂದ್ಯಗಳು ಅರವತ್ತೋ ಎಂಬತ್ತೋ ಅಷ್ಟೆ. ಇದನ್ನು ನೆನಪಿನಲ್ಲಿಡಬೇಕು, ಮುಂದೆ ಲೆಕ್ಕದ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಗ್ರಿಫಿತ್ ಸ್ಟೇಡಿಯಮ್ಮಿನ ಎಡಗಡೆಯ ಬೇಲಿ ನಾಲ್ಕುನೂರು ಅಡಿಗೂ ದೂರ. ಅಲ್ಲಿಗೆ ಗಿಬ್ಸನ್ ಚೆಂಡು ಮತ್ತೆ ಮತ್ತೆ ಹೋಗಿ ಬೀಳುವುದನ್ನು ಮೈದಾನದ ಮಾಲೀಕ ಕ್ಲಾರ್ಕ್ ಗ್ರಿಫಿತ್ ತನ್ನ ಕಣ್ಣಾರೆ ನೋಡುತ್ತಿದ್ದ. ಬಿಳಿಯರ ವಾಷಿಂಗ್ಟನ್ ತಂಡದ ಮಾಲೀಕನೂ ಅವನೇ. ಒಮ್ಮೆ ಗಿಬ್ಸನ್ ಮತ್ತು ಲೆನರ್ಡ್ ಇಬ್ಬರನ್ನೂ ತನ್ನ ಕಚೇರಿಗೆ ಕರೆಸಿ, ದೊಡ್ಡ ಲೀಗಿನಲ್ಲಿ ಆಡುತ್ತೀರಾ ಎಂದು ವಿಚಾರಿಸಿದ. ಆಡುತ್ತೇವೆ ಎಂದರು. ಮೊದಲ ಹೆಜ್ಜೆ ಇಡಲು ಯಾರೂ ಸಿದ್ಧರಿಲ್ಲ ಎಂಬಲ್ಲಿಗೆ ಮಾತು ಮುಗಿಯಿತು. ಗ್ರೇಸ್ ತಂಡದಿಂದ ಮೈದಾನದ ಬಾಡಿಗೆ ಮಾತ್ರ ತಪ್ಪದೆ ಬರುತ್ತಿತ್ತು.

1943ರ ಜನವರಿ 1ರಂದು ಗಿಬ್ಸನ್ ಪ್ರಜ್ಞೆ ತಪ್ಪಿ ಬಿದ್ದ. ಮಿದುಳಿನಲ್ಲಿ ಗೆಡ್ಡೆಯಿದೆಯೆಂದು ವೈದ್ಯರು ಹೇಳಿದರು. ಶಸ್ತ್ರಚಿಕಿತ್ಸೆಗೆ ಆತ ಒಪ್ಪಲಿಲ್ಲ. ತಲೆನೋವು, ಕುಡಿತ, ನಡುನಡುವೆ ಮಾನಸಿಕ ಆಸ್ಪತ್ರೆ. ಹೋಟೆಲಿನ ಕಿಟಕಿಯ ಬಳಿ ಒಬ್ಬನೇ ಕುಳಿತು ಯಾಂಕೀಸ್‌ನ ತಾರೆ ಜೋ ಡಿಮಾಜಿಯೊ ಜೊತೆ ಮಾತನಾಡುತ್ತಿದ್ದ, ಯಾಕೆ ಉತ್ತರ ಕೊಡುವುದಿಲ್ಲ ಎಂದು ಕೇಳುತ್ತಿದ್ದ ಎಂದು ಜೊತೆಗಾರರು ಹೇಳಿದ್ದಾರೆ. ಆ ವರ್ಷವೇ ಅವನ ಬ್ಯಾಟಿಂಗ್ ಸರಾಸರಿ .466, ಗ್ರೇಸ್ ತಂಡ 1943, 1944 ಎರಡೂ ವರ್ಷ ನೀಗ್ರೋ ವರ್ಲ್ಡ್ ಸೀರೀಸ್ ಗೆದ್ದಿತು. ಇಷ್ಟು ಹೇಳಿದ ಮೇಲೆ ವಿವರಣೆ ಕೊಡಲು ನನಗೆ ಸಾಧ್ಯವಿಲ್ಲ.

1945ರ ಅಕ್ಟೋಬರಿನಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಸಂಸ್ಥೆ ಜಾಕಿ ರಾಬಿನ್ಸನ್ ಎಂಬ ಯುವಕನನ್ನು ಸೇರಿಸಿಕೊಂಡಿತು. ಮರುವರ್ಷ ರಾಯ್ ಕ್ಯಾಂಪನೆಲ್ಲಾ ಎಂಬ ಕ್ಯಾಚರ್‌ನನ್ನೂ ಸೇರಿಸಿಕೊಂಡಿತು. ಈತ ಹದಿನೈದನೆಯ ವಯಸ್ಸಿಗೇ ನೀಗ್ರೋ ಲೀಗಿಗೆ ಬಂದು, ಬಿಜ್ ಮ್ಯಾಕಿ ಎಂಬ ಹಳೆಯ ಕ್ಯಾಚರ್‌ನ ಕೈಯಲ್ಲಿ ಪಳಗಿದವನು. ಮುಂದೆ 1951, 1953, 1955 ಮೂರು ವರ್ಷ ನ್ಯಾಷನಲ್ ಲೀಗಿನ ಅತ್ಯುತ್ತಮ ಆಟಗಾರನೆಂದು ಆಯ್ಕೆಯಾದ. ಜಾಶ್‌ಗೆ ತಾನು ಸಮನಲ್ಲ ಎಂದು ಆತ ಬಹಿರಂಗವಾಗಿಯೇ ಹೇಳುತ್ತಿದ್ದ. ಗಿಬ್ಸನ್‌ಗೆ ಆಗ ಮೂವತ್ತನಾಲ್ಕು, ಮಂಡಿಗಳು ಸೋತಿದ್ದವು. ಯಾರೂ ಕರೆಯಲಿಲ್ಲ. 1947ರ ಜನವರಿ 20ರಂದು ಪಾರ್ಶ್ವವಾಯುವಿನಿಂದ ತೀರಿಕೊಂಡ, ಮೂವತ್ತೈದನೆಯ ವಯಸ್ಸಿನಲ್ಲಿ. ಏಪ್ರಿಲ್ 15ರಂದು ರಾಬಿನ್ಸನ್ ಬ್ರೂಕ್ಲಿನ್ ಮೈದಾನಕ್ಕಿಳಿದ.

ಈ ಮೂರು ತಿಂಗಳ ಅಂತರ ಬರೆಯುವವರಿಗೆ ದೊಡ್ಡ ಆಮಿಷ. ಆತ ಎದೆಯೊಡೆದು ಸತ್ತ ಎಂದು ಎಷ್ಟೋ ಜನ ಬರೆದಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಕಾಯಿಲೆ ಇತ್ತು, ಕುಡಿತ ಇತ್ತು, ಹದಿನೇಳು ವರ್ಷ ಕೂತೆದ್ದ ದೇಹವಿತ್ತು. ಎದೆಯೊಡೆಯಿತೆಂದು ಹೇಳುವುದರಿಂದ ಸಾವಿಗೆ ಕಾವ್ಯದ ಘನತೆ ಬರುತ್ತದೆ, ಆದರೆ ಹಾಗೆ ಹೇಳುವಾಗ ತಂತಿಗೆ ಉತ್ತರಿಸದವರು, ನಿಯಮವೇ ಇಲ್ಲವೆಂದವರು, ಕಚೇರಿಗೆ ಕರೆಸಿ ಕಳಿಸಿದವರು ಎಲ್ಲರೂ ಹಿನ್ನೆಲೆಗೆ ಸರಿದು ವಿಧಿಯೊಂದೇ ಮುಂದೆ ನಿಲ್ಲುತ್ತದೆ. ಅವನ ಸಾವಿಗೆ ಅವರು ಹೊಣೆಯೋ ಅಲ್ಲವೋ, ಅವನು ಆಡಲಾಗದೆ ಹೋದ ಪಂದ್ಯಗಳಿಗಂತೂ ಹೊಣೆ.

ಇನ್ನು ಲೆಕ್ಕದ ವಿಚಾರ. 1966ರಲ್ಲಿ ಬಿಳಿಯ ಆಟಗಾರ ಟೆಡ್ ವಿಲಿಯಮ್ಸ್ ಹಾಲ್ ಆಫ್ ಫೇಮ್ ಗೌರವ ಸ್ವೀಕರಿಸುತ್ತ, ಅವಕಾಶ ಸಿಗದ ಕಾರಣಕ್ಕಷ್ಟೇ ಇಲ್ಲಿಲ್ಲದ ಪೇಜ್ ಮತ್ತು ಗಿಬ್ಸನ್ ಅವರಂಥವರೂ ಒಂದು ದಿನ ಇಲ್ಲಿ ಸೇರಲಿ ಎಂದು ಆಶಿಸಿದ. ಯಾರೂ ಕೇಳದ ಮಾತನ್ನು ಎತ್ತಿದ. 1971ರಲ್ಲಿ ಪೇಜ್, 1972ರಲ್ಲಿ ಗಿಬ್ಸನ್ ಮತ್ತು ಲೆನರ್ಡ್ ಒಳಗೆ ಬಂದರು. ಪೇಜ್‌ಗೆ ಮೊದಲು ಪ್ರತ್ಯೇಕ ವಿಭಾಗದಲ್ಲಿ ಜಾಗ ಕೊಡುವ ಯೋಚನೆಯಿತ್ತು. ಜನ ಛೀಮಾರಿ ಹಾಕಿದ ಮೇಲೆ ಕೈಬಿಟ್ಟರು.

ಇದರ ನಡುವೆ, 1969ರಲ್ಲಿ, ಯಾವ ಯಾವ ಲೀಗುಗಳನ್ನು 'ಮೇಜರ್' ಎಂದು ಗಣಿಸಬೇಕೆಂದು ತೀರ್ಮಾನಿಸಲು ಒಂದು ಸಮಿತಿ ಕುಳಿತಿತ್ತು. ಆರು ಲೀಗುಗಳಿಗೆ ಮಾನ್ಯತೆ ಕೊಟ್ಟಿತು. ಅವುಗಳಲ್ಲಿ 1884ರ ಒಂದೇ ವರ್ಷ ಬದುಕಿದ್ದ ಯೂನಿಯನ್ ಅಸೋಸಿಯೇಶನ್ ಕೂಡ ಒಂದು. ನೀಗ್ರೋ ಲೀಗುಗಳ ವಿಷಯ ಪರಿಗಣನೆಗೇ ಬರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ವರ್ಷಗಟ್ಟಲೆ ಕಡತಗಳ ನಡುವೆ ಕುಳಿತವನಿಗೆ ಈ ಸೂಕ್ಷ್ಮ ಬೇಗ ಹೊಳೆಯುತ್ತದೆ. 'ತಿರಸ್ಕರಿಸಲಾಗಿದೆ' ಎಂದು ಷರಾ ಬರೆದಿದ್ದರೆ ಮೇಲ್ಮನವಿಗಾದರೂ ಅವಕಾಶವಿರುತ್ತದೆ. ಕಾರ್ಯಸೂಚಿಯಲ್ಲೇ ಇಲ್ಲದ ವಿಷಯದ ಮೇಲೆ ಯಾರು, ಎಲ್ಲಿ ಮನವಿ ಸಲ್ಲಿಸಬೇಕು?

ಕೆಲಸ ಮಾಡಿದವರು ಹೊರಗಿನವರು. 1970ರಲ್ಲಿ ರಾಬರ್ಟ್ ಪೀಟರ್ಸನ್ ಈ ಲೀಗುಗಳ ಚರಿತ್ರೆಯನ್ನು ಪುಸ್ತಕವಾಗಿಸಿದ. ಲ್ಯಾರಿ ಲೆಸ್ಟರ್, ಗ್ಯಾರಿ ಆಶ್ವಿಲ್ ಮೊದಲಾದವರು 'ಕೊರಿಯರ್', 'ಡಿಫೆಂಡರ್', 'ಆಫ್ರೋ-ಅಮೆರಿಕನ್' ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಒಂದೊಂದಾಗಿ ತಿರುವಿ ಪಂದ್ಯಗಳ ಅಂಕಪಟ್ಟಿಗಳನ್ನು ಹೆಕ್ಕಿದರು. ಬಹುಪಾಲು ವಾರಪತ್ರಿಕೆಗಳು, ಎಲ್ಲ ಪಂದ್ಯಗಳೂ ಅಚ್ಚಾಗಿರಲಿಲ್ಲ. ಆ ದುಡಿಮೆಯ ಆಧಾರದ ಮೇಲೆ 2020ರ ಡಿಸೆಂಬರಿನಲ್ಲಿ 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗುಗಳಿಗೆ ಮೇಜರ್ ಲೀಗ್ ಮಾನ್ಯತೆ ಸಿಕ್ಕಿತು. 2024ರ ಮೇ ತಿಂಗಳಲ್ಲಿ ಅಂಕಿಅಂಶಗಳೂ ವಿಲೀನವಾದವು. ಅಂದು ಬೆಳಗಾಗುವಷ್ಟರಲ್ಲಿ ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಟೈ ಕಾಬ್‌ನ .367 ಎರಡನೆಯ ಸ್ಥಾನಕ್ಕಿಳಿದು ಗಿಬ್ಸನ್‌ನ .372 ಮೇಲೆ ನಿಂತಿತ್ತು. ಹೊಡೆತದ ಬಲವನ್ನು ಅಳೆಯುವ ಸ್ಲಗಿಂಗ್ ಪಟ್ಟಿಯಲ್ಲಿ ಬೇಬ್ ರೂತ್‌ನ .690ನ್ನು ಗಿಬ್ಸನ್‌ನ .718 ಹಿಂದಿಕ್ಕಿತು. 1943ರ ಆ .466 ಒಂದು ಋತುವಿನ ಅತ್ಯುತ್ತಮ ಸರಾಸರಿಯಾಯಿತು.

ಆಕ್ಷೇಪಗಳು ಬಂದವು. ಅರವತ್ತೆಂಬತ್ತು ಪಂದ್ಯಗಳ ಋತುವನ್ನು ನೂರೈವತ್ತು ಪಂದ್ಯಗಳ ಋತುವಿಗೆ ಹೋಲಿಸುವುದು ಹೇಗೆ ಎಂದು ಕೇಳಿದರು. ತರ್ಕಬದ್ಧವಾದ ಪ್ರಶ್ನೆಯೇ. ಆದರೆ ಕೊರೊನಾ ಬಂದ 2020ರಲ್ಲಿ ಮೇಜರ್ ಲೀಗ್ ತಂಡಗಳು ಆಡಿದ್ದೂ ತಲಾ 60 ಪಂದ್ಯಗಳನ್ನೇ. ಆ ವರ್ಷದ ಅಂಕಿಗಳನ್ನು ಯಾರೂ ಪುಸ್ತಕದಿಂದ ತೆಗೆಯಲಿಲ್ಲ. ಇನ್ನೊಂದು ಮಾತನ್ನು ಯಾರೂ ಅಷ್ಟಾಗಿ ಎತ್ತಲಿಲ್ಲ: ಕಾಬ್, ರೂತ್ ಇಬ್ಬರೂ ಪೇಜ್‌ನಂಥ ಪಿಚರ್‌ಗಳನ್ನು ತಮ್ಮ ಲೀಗಿನಲ್ಲಿ ಒಮ್ಮೆಯೂ ಎದುರಿಸಬೇಕಾಗಿ ಬರಲಿಲ್ಲ. ಅವರ ಅಂಕಿಗಳೂ ಅರ್ಧ ದೇಶದ ವಿರುದ್ಧ ಗಳಿಸಿದವೇ.

ಈ ಮಾನ್ಯತೆಗೆ ಒಂದು ಬೆಲೆಯೂ ಇತ್ತು. ಅಧಿಕೃತ ಪಟ್ಟಿ ಲೀಗ್ ಪಂದ್ಯಗಳನ್ನು ಮಾತ್ರ, ಅದರಲ್ಲೂ ಅಂಕಪಟ್ಟಿ ಸಿಕ್ಕವನ್ನು ಮಾತ್ರ ಎಣಿಸುತ್ತದೆ. ಹಳ್ಳಿ ಪಟ್ಟಣಗಳಲ್ಲಿ ಬಸ್ಸಿನಿಂದಿಳಿದು ಆಡಿದ ನೂರಾರು ಪಂದ್ಯಗಳು, ಮೆಕ್ಸಿಕೊ, ಪೋರ್ಟೊ ರಿಕೊ, ಸಾಂಟೊ ಡೊಮಿಂಗೊ ಯಾವುವೂ ಅದರಲ್ಲಿಲ್ಲ. ಹಾಗೆ ಎಣಿಸಿದರೆ ಗಿಬ್ಸನ್‌ನ ಹೋಮ್ ರನ್‌ಗಳು ಇನ್ನೂರನ್ನೂ ಮುಟ್ಟುವುದಿಲ್ಲ. ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್‌ನಲ್ಲಿ 1972ರಲ್ಲಿ ಗೋಡೆಗೆ ಬಡಿದ ಕಂಚಿನ ಫಲಕ ಸುಮಾರು 800 ಎನ್ನುತ್ತದೆ. ಅದನ್ನು ತಿದ್ದಿಲ್ಲ, ತೆಗೆದೂ ಇಲ್ಲ.

ಗ್ರೀನ್‌ಲೀ ಫೀಲ್ಡನ್ನು 1938ರಲ್ಲೇ ಕೆಡವಿ ವಸತಿ ಕಟ್ಟಡಗಳನ್ನು ಎಬ್ಬಿಸಿದರು. ಗ್ರಿಫಿತ್ ಸ್ಟೇಡಿಯಮ್ ಇದ್ದ ಜಾಗದಲ್ಲಿ ಈಗ ಹೊವಾರ್ಡ್ ವಿಶ್ವವಿದ್ಯಾಲಯದ ಆಸ್ಪತ್ರೆಯಿದೆ. ಪಿಟ್ಸ್‌ಬರ್ಗಿನ ಅಲಿಗೆನಿ ಸ್ಮಶಾನದಲ್ಲಿ ಗಿಬ್ಸನ್‌ನ ಸಮಾಧಿ ಇಪ್ಪತ್ತೆಂಟು ವರ್ಷ ಹೆಸರಿಲ್ಲದೆ ಇತ್ತು. 1975ರಲ್ಲಿ ಹಳೆಯ ಜೊತೆಗಾರ ಟೆಡ್ ಪೇಜ್‌ನ ಪ್ರಯತ್ನದಿಂದ, ಬೇಸ್‌ಬಾಲ್ ಕಮಿಷನರ್ ಕಚೇರಿಯ ನೆರವಿನೊಡನೆ ಅಲ್ಲೊಂದು ಸಣ್ಣ ಕಲ್ಲು ಬಂತು. ಹೆಸರು, ಹುಟ್ಟಿದ ಮತ್ತು ಸತ್ತ ವರ್ಷ, ದಂತಕಥೆಯಾದ ಬೇಸ್‌ಬಾಲ್ ಆಟಗಾರ ಎಂಬ ಒಂದು ಸಾಲು. ಅಂಕಿ ಯಾವುದೂ ಇಲ್ಲ.